ಮೂರನೇ ಬಾಣಂತನ

ಶಾಂತಮೂರ್ತಿ ಕೊಳ್ಳೇಗಾಲದ ಒಂದು ಚಿಕ್ಕ ಟ್ರಸ್ಟ್ ಆಸ್ಪತ್ರೆಯಲ್ಲಿ ನರ್ಸು. ದಿನಾ ಬೆಳಿಗ್ಗೆ ಯಳಂದೂರಿನಿಂದ ಮೊದಲ ಬಸ್ಸಿಗೆ ಬಂದು ಸಂಜೆ ವಾಪಸು ಹೋಗುವವನು. ಸೇರಿದ ಮೊದಲ ಮೂರು ವರ್ಷ ಅವನದು ಗಂಡಸರ ವಾರ್ಡು. ಹಾವು ಕಚ್ಚಿದವರು, ಬೈಕಿನಿಂದ ಬಿದ್ದವರು, ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆತವರು, ಇಂಥವರ ನಡುವೆ ಅವನಿಗೆ ಕೈ ಪಳಗಿತ್ತು. ನಾಲ್ಕನೇ ವರ್ಷ ಮಾಲಿನಿ ಸಿಸ್ಟರ್ ಹೆರಿಗೆ ರಜೆಯ ಮೇಲೆ ಹೋದಾಗ ಡಾಕ್ಟರ್ ಭವ್ಯ ಅವನನ್ನು ಕರೆದು, ಅವರು ಬರುವ ತನಕ ಹೆಂಗಸರ ಆಪರೇಷನ್ ವಾರ್ಡನ್ನು ನೀನೇ ನೋಡಿಕೋ ಅಂದರು. ಅವನು ತಮಾಷೆ ಅಂದುಕೊಂಡ. ಅವರು ತಮಾಷೆ ಮಾಡುವ ಪೈಕಿಯವರಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಗರ್ಭಕೋಶದ ಗೆಡ್ಡೆ, ನಿಲ್ಲದ ಮುಟ್ಟು, ಅಂಡಾಶಯದ ನೀರುಗುಳ್ಳೆ ಎಲ್ಲವನ್ನೂ ಅವನು ಓದಿದ್ದ, ಪರೀಕ್ಷೆಯಲ್ಲಿ ಬರೆದಿದ್ದ. ಓದುವುದು ಬೇರೆ, ನೋವಿನಲ್ಲಿರುವ ಹೆಂಗಸಿನ ಮಂಚದ ಪಕ್ಕದಲ್ಲಿ ಗಂಡಸಾಗಿ ನಿಲ್ಲುವುದು ಬೇರೆ. ಹಾಗಾಗಿ ಅವನೇ ಒಂದಿಷ್ಟು ಕಟ್ಟಳೆ ಮಾಡಿಕೊಂಡಿದ್ದ. ಪರದೆಯನ್ನು ತಾನಾಗಿ ಸರಿಸುತ್ತಿರಲಿಲ್ಲ. ಕೆಮ್ಮಿ, ಹೆಸರು ಹೇಳಿ, ಒಳಗಿನಿಂದ 'ಬಾ' ಅಂದ ಮೇಲೇ ಕಾಲಿಡುತ್ತಿದ್ದ. ಆಯಾ ಚಿಕ್ಕನಿಂಗಮ್ಮ ಜೊತೆಗಿಲ್ಲದೆ ಯಾರ ಮೈಯನ್ನೂ ಮುಟ್ಟುತ್ತಿರಲಿಲ್ಲ. ಟ್ಯೂಬ್ ಹಾಕುವುದು, ಬಟ್ಟೆ ಬದಲಿಸುವುದು, ಒಳಗಿನ ಹೊಲಿಗೆ ನೋಡುವುದು ಇವೆಲ್ಲ ಹೆರಿಗೆ ಕೋಣೆಯ ರತ್ನ ಸಿಸ್ಟರ್ ಬಂದು ಮಾಡಿಹೋಗುವ ಕೆಲಸ. ಮಿಕ್ಕಿದ್ದೆಲ್ಲ ಇವನದು. ಯಳಂದೂರಿನಲ್ಲಿ ಅಕ್ಕಪಕ್ಕದವರು ಮಗ ಯಾವ ವಾರ್ಡಿನಲ್ಲಿದ್ದಾನೆ ಎಂದು ಕೇಳಿದರೆ ಅವನ ತಾಯಿ 'ಆಪರೇಷನ್ ವಾರ್ಡು' ಎಂದು ಹೇಳಿ ಮಾತು ಬದಲಿಸುತ್ತಿದ್ದಳು.

ಜನವರಿಯ ಮೊದಲ ವಾರ ಸುವರ್ಣಮ್ಮ ಬಂದಳು. ಯಳಂದೂರಿನ ಹತ್ತಿರ ಅಗರದವಳು, ಐವತ್ತೊಂದು ವರ್ಷ. ಗಂಡ ಪುಟ್ಟಮಾದಪ್ಪನಿಗೆ ನಾಲ್ಕು ಎಕರೆ ಗದ್ದೆ, ಒಂದೆಕರೆ ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲೇ ರೇಷ್ಮೆ ಸಾಕುವ ಹುಳುಮನೆ. ಊರಿನ ಪಂಚಾಯ್ತಿ ಮಾತುಕತೆಗೆ ಅವನು ಬಂದು ಕೂತ ಮೇಲೇ ಉಳಿದವರು ಬಾಯಿ ತೆರೆಯುವುದು ಎನ್ನುವಷ್ಟು ತೂಕದ ಮನುಷ್ಯ. ಹೆಂಡತಿಗೆ ಹೊಟ್ಟೆನೋವು ಎಂದು ಕರೆತಂದಿದ್ದ. ಅವಳು ಹೇಳಿದ್ದೇ ಅಷ್ಟು.

ಡಾಕ್ಟರ್ ಭವ್ಯ ಒಳಗೆ ಪರೀಕ್ಷೆ ಮಾಡಿ ಹೊರಗೆ ಬಂದಾಗ ಅವರ ಮುಖ ಸಣ್ಣದಾಗಿತ್ತು. ಸುವರ್ಣಮ್ಮನ ಗರ್ಭಕೋಶ ಪೂರ್ತಿಯಾಗಿ ಕೆಳಗೆ ಜಾರಿ ಹೊರಗೇ ಬಂದಿತ್ತು. ಬಟ್ಟೆಗೆ ಉಜ್ಜಿ ಉಜ್ಜಿ ಹುಣ್ಣಾಗಿ, ಈಗ ನಾಲ್ಕು ದಿನದಿಂದ ರಕ್ತ ಕಾಣಿಸಿಕೊಂಡದ್ದಕ್ಕೆ ಹೆದರಿ ಬಂದಿದ್ದಳು. ಶುರುವಾಗಿ ಒಂಬತ್ತು ವರ್ಷವಾಗಿತ್ತಂತೆ. ಹಳೆ ಸೀರೆಯ ಮೆತ್ತನೆ ತುಂಡನ್ನು ಕಚ್ಚೆಯ ಹಾಗೆ ಬಿಗಿದು ಕಟ್ಟಿಕೊಂಡೇ ಸೊಪ್ಪು ಕೊಯ್ದಿದ್ದಳು, ಹಾಲು ಕರೆದಿದ್ದಳು, ಮಗಳ ಮದುವೆ ಮಾಡಿದ್ದಳು. ನೆಂಟರ ಮನೆ ಊಟಗಳಲ್ಲಿ ಪಂಕ್ತಿಗೆ ಕೂರುತ್ತಿರಲಿಲ್ಲ, ಕೊನೆತನಕ ನಿಂತೇ ಬಡಿಸುತ್ತಿದ್ದಳು. ನೆಲದ ಮೇಲೆ ಕೂತರೆ ಏಳುವುದು ಅವಳಿಗೆ ಆಗುತ್ತಿರಲಿಲ್ಲ. ಎಲ್ಲರೂ ಅದನ್ನು ಅವಳ ಸಜ್ಜನಿಕೆ ಎಂದು ತಿಳಿದಿದ್ದರು, ಗಂಡನೂ ಹಾಗೇ ತಿಳಿದಿದ್ದ.

ಇದನ್ನೆಲ್ಲ ಡಾಕ್ಟರು ಪುಟ್ಟಮಾದಪ್ಪನಿಗೆ ಹೇಳುವಾಗ ಶಾಂತಮೂರ್ತಿ ಫೈಲು ಹಿಡಿದು ಪಕ್ಕದಲ್ಲಿದ್ದ. ಪುಟ್ಟಮಾದಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದ, ಬಿಡಿಸಿದ, ಮತ್ತೆ ಮಡಿಸಿದ. ಕೊನೆಗೆ ಆಪರೇಷನ್ ಯಾವತ್ತು ಎಂದಷ್ಟೇ ಕೇಳಿದ.

ಅವನ ಬಾಯಿ ತೆರೆದದ್ದು ಆ ದಿನ ಸಂಜೆ, ಶಾಂತಮೂರ್ತಿ ರಕ್ತದೊತ್ತಡ ನೋಡಲು ವಾರ್ಡಿಗೆ ಬಂದಾಗ. ಎದ್ದು ಅಡ್ಡ ನಿಂತ.

"ಹೆಣ್ಣೆಂಗ್ಸ್ರು ಮಲಗಿರೋ ಜಾಗಕ್ಕ ಗಂಡಸ್ನ ಬುಟ್ಟಿದ್ದರಲ್ಲ, ಇದ್ಯಾವ ಸೀಮೆ ಆಸ್ಪತ್ರೆ?"

ಜಗಳ ಡಾಕ್ಟರ ಕೋಣೆಯ ತನಕ ಹೋಯಿತು. ಅವರು ಪೂರ್ತಿ ಕೇಳಿಸಿಕೊಂಡು, ನಮ್ಮ ಅಮ್ಮನನ್ನು ಇಲ್ಲಿ ಮಲಗಿಸಿದರೂ ನಾನು ಇವನ ಕೈಗೇ ಒಪ್ಪಿಸುತ್ತೇನೆ ಅಂದರು. ಪುಟ್ಟಮಾದಪ್ಪ ಸುಮ್ಮನಾದ, ಒಪ್ಪಲಿಲ್ಲ. ಅಲ್ಲಿಂದಾಚೆಗೆ ಶಾಂತಮೂರ್ತಿ ಬಂದಾಗಲೆಲ್ಲ ಮಂಚಕ್ಕೂ ಅವನಿಗೂ ನಡುವೆ ತನ್ನ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಿದ್ದ. ಸುವರ್ಣಮ್ಮ ಸೆರಗನ್ನು ಕಿವಿಯ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಏನು ಕೇಳಿದರೂ ಉತ್ತರ ಗಂಡನ ಮೂಲಕ ಬರುತ್ತಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಗರ್ಭಕೋಶ ತೆಗೆದು, ಸಡಿಲಗೊಂಡ ಜಾಗವನ್ನು ಹೊಲಿದು ಎತ್ತಿ ಕಟ್ಟಿದ್ದರು. ಎರಡು ದಿನ ಮೂತ್ರಕ್ಕೆ ಟ್ಯೂಬ್ ಇತ್ತು. ಮೂರನೇ ದಿನ ಬೆಳಿಗ್ಗೆ ಏಳಕ್ಕೆ ರತ್ನ ಸಿಸ್ಟರ್ ಬಂದು ಟ್ಯೂಬ್ ತೆಗೆದು ಹೋದರು. ಈ ಆಪರೇಷನ್ ಆದವರಿಗೆ ಗಂಟಲಲ್ಲಿ ಸಿಕ್ಕಿದ ತುತ್ತಿನಂಥ ಹೊತ್ತು ಅದು. ಮೂತ್ರಚೀಲ ಊದಿಕೊಂಡು ಮಂಕಾಗಿರುತ್ತದೆ, ತಾನಾಗಿ ಖಾಲಿಯಾಗುವುದನ್ನು ಮರೆತಿರುತ್ತದೆ. ಅದು ತುಂಬಿ ಬಿಗಿದರೆ ಪಕ್ಕದ ಹಸಿ ಹೊಲಿಗೆಗಳು ಜಗ್ಗುತ್ತವೆ.

ಶಾಂತಮೂರ್ತಿ ಪರದೆಯ ಆಚೆ ನಿಂತು ಹೇಳಿದ. ನೀರು ಚೆನ್ನಾಗಿ ಕುಡಿಯಬೇಕು. ಒಂದಕ್ಕೆ ಹೋದಾಗ ಅಳತೆಯ ಗೆರೆಯಿರುವ ಪ್ಲಾಸ್ಟಿಕ್ ಜಗ್ಗಿನಲ್ಲಿ ಹಿಡಿದು ಬಚ್ಚಲ ಕಟ್ಟೆಯ ಮೇಲೆ ಇಡಬೇಕು. ಮಧ್ಯಾಹ್ನದೊಳಗೆ ಆಗದಿದ್ದರೆ ಮತ್ತೆ ಟ್ಯೂಬ್ ಹಾಕಬೇಕಾಗುತ್ತದೆ.

ಹತ್ತೂವರೆಗೆ ಹೆರಿಗೆಗೆಂದು ಬಂದ ಹುಡುಗಿಯೊಬ್ಬಳಿಗೆ ತುರ್ತಾಗಿ ಆಪರೇಷನ್ ಬೇಕಾಯಿತು. ಡಾಕ್ಟರೂ ರತ್ನ ಸಿಸ್ಟರೂ ಥಿಯೇಟರಿನ ಒಳಗೆ ಹೋದರು. ಹನ್ನೊಂದಕ್ಕೆ ಪುಟ್ಟಮಾದಪ್ಪ ಮೇಜಿನ ಹತ್ತಿರ ಬಂದು, "ಆಯ್ತಂತ," ಎಂದು ಹೇಳಿ ಹೋದ.

ಶಾಂತಮೂರ್ತಿಗೆ ಸಮಾಧಾನವಾಯಿತು. ಬಚ್ಚಲಿಗೆ ಹೋಗಿ ನೋಡಿದ. ಜಗ್ಗಿನಲ್ಲಿ ಮುನ್ನೂರು ಮಿಲಿ ಗೆರೆಯ ಸಮಕ್ಕೆ ನಿಂತಿತ್ತು. ಬರೆದುಕೊಳ್ಳಲೆಂದು ಎತ್ತಿದವನು ಹಾಗೇ ನಿಂತುಬಿಟ್ಟ. ಜಗ್ಗು ತಣ್ಣಗಿತ್ತು. ಮಾಗಿಯ ಚಳಿಯಲ್ಲಿ ಮೇಲಿನ ಟ್ಯಾಂಕಿನಿಂದ ಇಳಿದ ನೀರು ಎಷ್ಟು ತಣ್ಣಗಿರುತ್ತದೋ ಅಷ್ಟು. ಮೂಗಿನ ಹತ್ತಿರ ತಂದ. ಏನೂ ವಾಸನೆಯಿಲ್ಲ. ನಲ್ಲಿ ನೀರು.

ಮೊದಲು ಬಂದದ್ದು ಸಿಟ್ಟು. ಹಿಂದೆಯೇ ಭಯ ಬಂತು. ಏಳರಿಂದ ನಾಲ್ಕು ಗಂಟೆ ಕಳೆದಿತ್ತು, ಅವಳು ಲೋಟಗಟ್ಟಲೆ ನೀರು ಕುಡಿದಿದ್ದಳು. ಚಿಕ್ಕನಿಂಗಮ್ಮನನ್ನು ಕರೆದುಕೊಂಡು ವಾರ್ಡಿಗೆ ಹೋದ. ಪುಟ್ಟಮಾದಪ್ಪನಿಗೆ ಕೆಳಗೆ ಹೋಗಿ ಒಂದು ಫ್ಲಾಸ್ಕು ಬಿಸಿನೀರು ತರಲು ಹೇಳಿ ಕಳಿಸಿದ. ಪರದೆಯ ಆಚೆಯೇ ನಿಂತು, ಹೊಕ್ಕುಳಿನ ಕೆಳಗೆ ಮೆಲ್ಲಗೆ ಕೈಯಿಟ್ಟು ನೋಡುವಂತೆ ಚಿಕ್ಕನಿಂಗಮ್ಮನಿಗೆ ಹೇಳಿದ.

"ಗಟ್ಟಿಯಾಗಿ ಅದ ಕಣಪ್ಪ," ಅಂದಳು ಅವಳು ಒಳಗಿನಿಂದ. "ಮಡ್ಕ ಬೋರ್ಲಾಕ್ದಂಗದ. ಬೆವ್ರು ಬೇರೆ ಇಳೀತಾ ಅದ ಇವ್ರ್ಗ."

ಶಾಂತಮೂರ್ತಿ ಒಂದು ಸ್ಟೂಲು ಎಳೆದುಕೊಂಡು ಪರದೆಗೆ ಬೆನ್ನು ಮಾಡಿ ಕೂತ.

"ಅಮ್ಮಾ, ಜಗ್ಗು ತಣ್ಣಗಿತ್ತು," ಅಂದ.

ಪಕ್ಕದ ಮಂಚದವಳ ಮೊಬೈಲಿನಲ್ಲಿ ಯಾವುದೋ ಧಾರಾವಾಹಿ ನಡೆಯುತ್ತಿತ್ತು. ಅದರ ನಡುವೆ ಸುವರ್ಣಮ್ಮ ಮೊದಲ ಸಲ ನೇರವಾಗಿ ಅವನೊಂದಿಗೆ ಮಾತಾಡಿದಳು.

"ಆಗ್ನಿಲ್ಲ ಅಂದ್ರ ಟ್ಯೂಬ ನೀನೇ ಆಕ್ತೀಯಲ್ಲಪ್ಪ, ಅದ್ಕೇ..."

ಶಾಂತಮೂರ್ತಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಟ್ಯೂಬ್ ಹಾಕಬೇಕಾಗುತ್ತದೆ ಎಂದು ಹೇಳಿದ್ದ. ಯಾರು ಹಾಕುತ್ತಾರೆ ಎಂದು ಹೇಳಿರಲಿಲ್ಲ. ಅದು ತನ್ನ ಕೆಲಸವಲ್ಲ ಎನ್ನುವುದು ತನಗೆ ಗೊತ್ತಿದ್ದರೆ ಸಾಕು ಎಂದುಕೊಂಡಿದ್ದ. ಪರದೆ, ಕೆಮ್ಮು, ಕಟ್ಟಳೆ ಎಲ್ಲ ಇಟ್ಟುಕೊಂಡು ಹೇಳಬೇಕಾದ ಒಂದು ಮಾತನ್ನೇ ಬಿಟ್ಟಿದ್ದ. ಆ ಒಂದು ಮಾತಿಗಾಗಿ ಈ ಹೆಂಗಸು ನಾಲ್ಕು ಗಂಟೆಗಳಿಂದ ಹಲ್ಲು ಕಚ್ಚಿಕೊಂಡು ಮಲಗಿದ್ದಾಳೆ.

"ಇಲ್ಲಮ್ಮ. ಅದು ರತ್ನ ಸಿಸ್ಟರ್ ಕೆಲ್ಸ. ಯಾವತ್ತೂ ಅವ್ರದೇ. ನಾನು ಬೆಳಿಗ್ಗೇನೇ ಈ ಮಾತ ನಿಮ್ಗ ಏಳ್ಬೇಕಿತ್ತು, ಏಳ್ನಿಲ್ಲ. ನನ್ನ ತಪ್ಪು."

ಒಳಗಿನಿಂದ ಉಸಿರು ಬಿಟ್ಟದ್ದು ಕೇಳಿಸಿತು.

ರತ್ನ ಸಿಸ್ಟರ್ ಹೊರಗೆ ಬರಲು ಇನ್ನೂ ಅರ್ಧ ಗಂಟೆಯಾದರೂ ಬೇಕಿತ್ತು. ಅಷ್ಟರೊಳಗೆ ಇನ್ನೊಮ್ಮೆ ಪ್ರಯತ್ನಿಸೋಣ ಎಂದ ಶಾಂತಮೂರ್ತಿ. ಹೆದರಿಕೆಯಿಂದ ಮೈ ಬಿಗಿಹಿಡಿದರೆ ಮೂತ್ರವೂ ಬಿಗಿಹಿಡಿಯುತ್ತದೆ. ಕಮೋಡಿನ ಮೇಲೆ ನೇರವಾಗಿ ಕೂತು, ತೊಡೆಯ ಮೇಲಿನಿಂದ ಬೆಚ್ಚನೆ ನೀರು ಸುರಿದುಕೊಂಡರೆ ಎಷ್ಟೋ ಸಲ ಸಡಿಲವಾಗುತ್ತದೆ. ಚಿಕ್ಕನಿಂಗಮ್ಮ ಅವಳನ್ನು ತೋಳು ಹಿಡಿದು ಬಚ್ಚಲಿಗೆ ನಡೆಸಿ ಕೂರಿಸಿದಳು. ಅಷ್ಟರಲ್ಲಿ ಥಿಯೇಟರಿನ ಗಂಟೆ ಹೊಡೆಯಿತು. ಮಗು ಹೊರಬರುವ ಹೊತ್ತು, ಬಟ್ಟೆ ತಗೊಂಡು ಆಯಾ ಬರಬೇಕು. ಅವಳು ಓಡಿದಳು.

ಫ್ಲಾಸ್ಕು ಹಿಡಿದು ಮೆಟ್ಟಿಲೇರಿ ಬಂದ ಪುಟ್ಟಮಾದಪ್ಪನನ್ನು ಶಾಂತಮೂರ್ತಿ ಬಚ್ಚಲ ಬಾಗಿಲಲ್ಲೇ ನಿಲ್ಲಿಸಿದ. ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿ, ಚೊಂಬನ್ನು ಅವನ ಕೈಗೆ ಕೊಟ್ಟ. ಏನು ಮಾಡಬೇಕು ಎಂದು ಹೇಳಿದ.

"ನಾನಾ?" ಅಂದ ಪುಟ್ಟಮಾದಪ್ಪ.

"ನೀವೇ ಯಜಮಾನ್ರೆ. ನಾನು ಒಳಗ ಬರಂಗಿಲ್ಲ ಅಂತ ನೀವೇ ಏಳಿದ್ದು. ಈಗ ಅವ್ರ್ಗ ಇರೋದು ನೀವೊಬ್ರೇ. ಬಾಣಂತನ ಅನ್ಕೊಳಿ."

ಪುಟ್ಟಮಾದಪ್ಪ ಕೈಯಲ್ಲಿದ್ದ ಚೊಂಬನ್ನು ನೋಡಿದ. ಮನೆಯಲ್ಲಿ ಕುಡಿಯುವ ನೀರನ್ನೂ ತಾನಾಗಿ ಬಗ್ಗಿಸಿಕೊಂಡವನಲ್ಲ. ವಾರ್ಡಿನ ಮಿಕ್ಕ ಮಂಚಗಳ ಹೆಂಗಸರು ಅವನನ್ನೇ ನೋಡುತ್ತಿದ್ದರು. ಪಂಚೆಯನ್ನು ಎತ್ತಿ ಕಟ್ಟಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಶಾಂತಮೂರ್ತಿ ಹೊರಗೆ ಬೆನ್ನು ತಿರುಗಿಸಿ ನಿಂತು ಹೇಳುತ್ತಾ ಹೋದ. ನಲ್ಲಿಯನ್ನು ಸಣ್ಣಗೆ ಬಿಡಿ, ನೀರಿನ ಸದ್ದು ಕೇಳಲಿ. ಒಮ್ಮೆಗೇ ಸುರಿಯಬೇಡಿ, ಸ್ವಲ್ಪ ಸ್ವಲ್ಪ. ಅಮ್ಮಾ, ತಿಣುಕಬೇಡಿ, ಹೊಲಿಗೆಗೆ ಒಳ್ಳೆಯದಲ್ಲ, ಸುಮ್ಮನೆ ಉಸಿರು ಬಿಡಿ. ಯಜಮಾನ್ರೆ, ಏನಾದರೂ ಮಾತಾಡಿ ಅವರ ಜೊತೆ.

ಒಳಗೆ ಪುಟ್ಟಮಾದಪ್ಪನಿಗೆ ಏನು ಮಾತಾಡುವುದೆಂದು ತಿಳಿಯಲಿಲ್ಲ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಕೆಲಸವಿಲ್ಲದ ಮಾತನ್ನು ಅವರು ಎಷ್ಟು ಆಡಿದ್ದರೋ. ಕೊನೆಗೆ ಎಮ್ಮೆಯ ವಿಷಯ ತೆಗೆದ. ಮನೆಯಲ್ಲಿ ಹಾಲು ಕರೆಯಲು ತನ್ನ ತಮ್ಮ ಮಹದೇವಸ್ವಾಮಿ ಹೋದನಂತೆ. ಎಮ್ಮೆ ಅವನನ್ನು ಮುಟ್ಟಗೊಡಲಿಲ್ಲವಂತೆ. ಕಡೆಗೆ ಸುವರ್ಣಮ್ಮನ ಸೀರೆಯೊಂದನ್ನು ಉಟ್ಟು, ತಲೆ ಮೇಲೆ ಸೆರಗು ಹಾಕಿಕೊಂಡು ಕೂತನಂತೆ. ಎಮ್ಮೆ ಒಂದು ಸಲ ಹಿಂತಿರುಗಿ ಅವನ ಮೀಸೆ ನೋಡಿ ಒದ್ದದ್ದಕ್ಕೆ ಪಾತ್ರೆ ತಿಪ್ಪೆಗೆ ಹೋಗಿ ಬಿತ್ತಂತೆ.

ಸುವರ್ಣಮ್ಮ ನಕ್ಕಳು. ಮೊದಲು ತಡೆದು, ಆಮೇಲೆ ತಡೆಯಲಾಗದೆ ನಕ್ಕಳು. ಆ ನಗೆಯ ನಡುವೆಯೇ ಬಿಗಿದದ್ದು ಸಡಿಲವಾಯಿತು. ಶಾಂತಮೂರ್ತಿಗೆ ಹೊರಗೆ ನಲ್ಲಿಯ ಸದ್ದಿನ ಜೊತೆ ಇನ್ನೊಂದು ಸದ್ದು ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಪುಟ್ಟಮಾದಪ್ಪ ಪಂಚೆಯೆಲ್ಲ ನೆನೆದು, ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಬಂದ.

"ನೋಡಿ ಸಾ. ಬೆಚ್ಚಗದ," ಅಂದ.

ಐನೂರು ದಾಟಿತ್ತು. ಆಮೇಲೆ ಡಾಕ್ಟರ್ ಭವ್ಯ ಬಂದು ಸ್ಕ್ಯಾನಿನಲ್ಲಿ ನೋಡಿ ಮೂತ್ರಚೀಲದಲ್ಲಿ ಹೆಚ್ಚೇನೂ ಉಳಿದಿಲ್ಲ, ಟ್ಯೂಬ್ ಬೇಡ ಅಂದರು. ಹೊಲಿಗೆಯೂ ಭದ್ರವಾಗಿತ್ತು. ಜಗ್ಗಿನ ವಿಷಯವನ್ನು ಶಾಂತಮೂರ್ತಿ ಅವರಿಗೆ ಮುಚ್ಚಿಡಲಿಲ್ಲ, ತನ್ನ ತಪ್ಪನ್ನು ಮೊದಲು ಹೇಳಿ ಆಮೇಲೆ ಮಿಕ್ಕಿದ್ದನ್ನು ಹೇಳಿದ. ಅವರು ಅವನನ್ನೊಮ್ಮೆ ನೋಡಿ, ಇನ್ನು ಮುಂದೆ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳು ಅಂದರು. ಅಂದಿನಿಂದ ಅವನು ಹಾಗೇ ಮಾಡುತ್ತಾನೆ.

ಆ ದಿನದ ನಂತರ ಕುರ್ಚಿ ಮಂಚದ ತಲೆಯ ಕಡೆಗೆ ಸರಿಯಿತು. ಸುವರ್ಣಮ್ಮ ಗೋಡೆಯ ಕಡೆ ತಿರುಗುವುದನ್ನು ಬಿಟ್ಟಳು. ನೋವು ಎಲ್ಲಿದೆ, ಎಷ್ಟಿದೆ ಎಂದು ತಾನೇ ಹೇಳುತ್ತಿದ್ದಳು. ರಕ್ತ ಹೋಗುವುದು ಕಡಿಮೆಯಾಗಿದೆಯಾ ಎಂದು ಕೇಳಿದರೆ ಚಿಕ್ಕನಿಂಗಮ್ಮನ ಮುಖ ನೋಡದೆ ಉತ್ತರ ಕೊಡುತ್ತಿದ್ದಳು.

ಮನೆಗೆ ಕಳಿಸುವ ಹಿಂದಿನ ಸಂಜೆ ಶಾಂತಮೂರ್ತಿ ಬಸ್ಸಿಗೆ ಹೊರಟಿದ್ದಾಗ ಪುಟ್ಟಮಾದಪ್ಪ ಆಸ್ಪತ್ರೆಯ ಗೇಟಿನ ತನಕ ಬಂದ. ಏನೋ ಕೇಳಬೇಕಿತ್ತು, ಕೇಳಲು ಆಗುತ್ತಿರಲಿಲ್ಲ. ಟೀ ಕುಡಿಸಿದ, ತನ್ನ ಲೋಟ ಖಾಲಿಯಾದ ಮೇಲೂ ಹಿಡಿದೇ ನಿಂತ. ಆಮೇಲೆ ನಿಧಾನವಾಗಿ ಹೇಳಿದ. ಮೊದಲ ಮಗು ದೀಪಳ ಬಾಣಂತನ ಹೆಂಡತಿಯ ತವರಿನಲ್ಲಿ ಒಂದು ತಿಂಗಳು ಆಯಿತು. ಎರಡನೆಯವನು ಹುಟ್ಟುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಅಗರದಲ್ಲೇ ಹೆರಿಗೆ. ರೇಷ್ಮೆ ಹುಳ ಪೊರೆ ಬಿಡುವ ನಾಲ್ಕನೇ ನಿದ್ದೆ ಮುಗಿಸಿ, ಅಂದರೆ ನಾಲ್ಕನೇ ಜ್ವರ ಎದ್ದಿತ್ತು, ಆಗ ಅವಕ್ಕೆ ಹೊತ್ತು ಹೊತ್ತಿಗೂ ರಾಶಿ ಸೊಪ್ಪು ಬೇಕು. ಆಳು ಸಿಗಲಿಲ್ಲ. ಹದಿನಾರನೇ ದಿನಕ್ಕೆ ಅವಳು ಸೊಪ್ಪಿನ ಮೂಟೆ ಹೊತ್ತಳು.

"ನಾನೇ ಎತ್ತಿ ಅವ್ಳ ತಲೆ ಮ್ಯಾಲ ಮಡಗ್ದಿ," ಅಂದ. "ಅದ್ರಿಂದ್ಲೇಯ ಆಗಿದ್ದು?"

ಶಾಂತಮೂರ್ತಿ ಇಲ್ಲ ಎಂದು ಹೇಳಿಬಿಡಬಹುದಿತ್ತು. ಎದುರಿಗಿದ್ದವನ ಮುಖ ನೋಡಿ ಹಾಗೆ ಹೇಳಬೇಕೆನಿಸಿತು ಕೂಡ. ಆದರೆ ಸುಳ್ಳು ಹೇಳಿ ಸಮಾಧಾನ ಮಾಡಿದರೆ ನಾಳೆ ಮನೆಗೆ ಹೋದ ಮೇಲೆ ಈ ಮನುಷ್ಯ ಏನು ಮಾಡುತ್ತಾನೆ?

"ಅದೊಂದ್ರಿಂದ್ಲೇ ಅಂತ ಯಾರೂ ಏಳಕಾಗಲ್ಲ ಯಜಮಾನ್ರೆ," ಅಂದ. "ಹೆರಿಗೆ ಆಗಿರ್ತದ, ವಯಸ್ಸಾಗಿರ್ತದ, ಕೆಲವ್ರ ಮೈಯೇ ಸಡಿಲ ಇರ್ತದ. ಬಾಣಂತಿಲಿ ಭಾರ ಎತ್ತಿದ್ದೂ ಅದ್ರೊಳಗ ಒಂದು. ಅದೂ ಸೇರ್ಕಂಡದ."

ಪುಟ್ಟಮಾದಪ್ಪ ತಲೆಯಾಡಿಸಿದ. ಬಸ್ಸು ಬಂತು, ಶಾಂತಮೂರ್ತಿ ಹತ್ತಿದ. ಕಿಟಕಿಯಿಂದ ನೋಡಿದಾಗ ಅವನು ಇನ್ನೂ ಟೀ ಅಂಗಡಿಯ ಮುಂದೇ ನಿಂತಿದ್ದ.

ಮರುದಿನ ಕಳಿಸುವಾಗ ಶಾಂತಮೂರ್ತಿ ಗಂಡನನ್ನೂ ಎದುರು ಕೂರಿಸಿಕೊಂಡ. ಮೂರು ತಿಂಗಳು ತುಂಬಿದ ಬಿಂದಿಗೆ, ಹುಲ್ಲಿನ ಹೊರೆ, ಸೊಪ್ಪಿನ ಮೂಟೆ ಯಾವುದನ್ನೂ ಮುಟ್ಟಬಾರದು. ಮಲಬದ್ಧತೆ ಆಗಬಾರದು, ಸೊಪ್ಪು ಹಣ್ಣು ನೀರು ಚೆನ್ನಾಗಿರಲಿ. ಕೆಮ್ಮು ಬಂದರೆ ಸುಮ್ಮನಿರಬೇಡಿ. ಜ್ವರ ಬಂದರೆ, ವಾಸನೆಯ ಬಿಳಿ ಹೋದರೆ, ರಕ್ತ ಹೆಚ್ಚಾದರೆ, ಒಂದು ಕಾಲು ಮಾತ್ರ ಊದಿಕೊಂಡರೆ ಅವತ್ತೇ ಬನ್ನಿ. ಹೇಳಿ ಮುಗಿಸಿ, ಈಗ ನೀವು ಹೇಳಿ ಎಂದು ಪುಟ್ಟಮಾದಪ್ಪನ ಬಾಯಲ್ಲೇ ಹೇಳಿಸಿದ. ಅವನು ಕಾಲು ಊದುವುದನ್ನು ಮರೆತ. ಸುವರ್ಣಮ್ಮ ನೆನಪಿಸಿದಳು.

ಆರು ವಾರ ಕಳೆದು ಫೆಬ್ರವರಿ ಕೊನೆಗೆ ಅವರು ಮತ್ತೆ ಬಂದರು. ಸುವರ್ಣಮ್ಮನ ಮುಖದಲ್ಲಿ ರಕ್ತ ತುಂಬಿತ್ತು. ಡಾಕ್ಟರ್ ಭವ್ಯ ನೋಡಿ, ಎಲ್ಲ ಕೂಡಿಕೊಂಡಿದೆ ಅಂದರು. ಮನೆಯಲ್ಲಿ ಗಂಡನೇ ನೀರು ತುಂಬುತ್ತಾನಂತೆ. ಮುದ್ದೆ ತಿರುವಲು ಹೋಗಿ ಮೂರು ದಿನ ಗಂಟುಗಂಟು ಗಂಜಿ ಉಣ್ಣಿಸಿದನಂತೆ. ಊರಿನವರು ಪುಟ್ಟಮಾದಪ್ಪನಿಗೆ ಹೆಂಡತಿಯ ಗಾಳಿ ಬಡಿದಿದೆ ಎಂದು ಆಡಿಕೊಂಡರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಇದನ್ನೆಲ್ಲ ಹೇಳಿದ್ದು ಸುವರ್ಣಮ್ಮ. ಗಂಡ ಕಿಟಕಿಯಾಚೆ ನೋಡುತ್ತಿದ್ದ.

ಆಮೇಲೆ ಹನೂರಿನ ಕತೆ ಬಂತು. ಮಗಳು ದೀಪಳನ್ನು ಕೊಟ್ಟದ್ದು ಅಲ್ಲಿಗೆ, ಅವಳಿಗೆ ಆಗ ಎರಡನೇ ಹೆರಿಗೆಯಾಗಿ ತಿಂಗಳೂ ತುಂಬಿರಲಿಲ್ಲ. ತಾಯಿಗೆ ಆಪರೇಷನ್ ಆದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಹೆಂಡತಿಯನ್ನು ಮನೆಗೆ ತಂದ ವಾರಕ್ಕೆ ಪುಟ್ಟಮಾದಪ್ಪ ಒಬ್ಬನೇ ಹನೂರಿಗೆ ಹೋದ. ಹೋದಾಗ ಮಗಳು ಸೊಂಟದ ಮೇಲೆ ಬಿಂದಿಗೆ ಇಟ್ಟುಕೊಂಡು ಬರುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು, ಕೊಟ್ಟ ಕಾಫಿಯನ್ನು ಮುಟ್ಟದೆ, ಬೀಗ ಮಹದೇವಯ್ಯನಿಗೂ ಬೀಗಿತಿ ಶಿವನಂಜಮ್ಮನಿಗೂ ಎಲ್ಲವನ್ನೂ ಹೇಳಿದ. ಹೆಂಡತಿಗೆ ಏನಾಗಿತ್ತು, ಎಷ್ಟು ವರ್ಷ ಇತ್ತು, ಮೂಟೆ ಹೊರಿಸಿದವನು ಯಾರು. ಮೂರು ತಿಂಗಳು ಮಗಳು ಭಾರ ಎತ್ತಬಾರದು ಅಂದ. ಬೀಗರ ಮುಂದೆ ಗಂಡಸೊಬ್ಬ ಇಂಥ ಮಾತಾಡಿದ್ದನ್ನು ಮಹದೇವಯ್ಯ ಹಿಂದೆಂದೂ ಕೇಳಿದವನಲ್ಲ. ಸೂರಿನ ಹೆಂಚು ನೋಡುತ್ತಾ ಕೂತ. ಶಿವನಂಜಮ್ಮ ಸಿಟ್ಟಾದಳು.

"ನಾವೆಲ್ಲ ಎತ್ನಿಲ್ವಾ? ಎತ್ತಿ ಸತ್ತೋದ್ವಾ?"

"ಸಾಯ್ನಿಲ್ಲ ತಾಯಿ," ಅಂದನಂತೆ ಪುಟ್ಟಮಾದಪ್ಪ. "ನಮ್ಮನೇವ್ಳೂ ಸಾಯ್ನಿಲ್ಲ. ಒಂಬತ್ತು ವರ್ಷ ಯಾರ್ಗೂ ಏಳ್ದಂಗ ಬದುಕಿದ್ಲು."

ಶಿವನಂಜಮ್ಮ ಎದ್ದು ಒಳಗೆ ಹೋದಳು. ಮಾರನೇ ದಿನದಿಂದ ನೀರು ತರುವುದು ಅಳಿಯನ ಪಾಲಿಗೆ ಬಂತು ಎಂದು ದೀಪ ಫೋನಿನಲ್ಲಿ ಹೇಳಿದಳು. ಅದಾಗಿ ಹದಿನೈದು ದಿನಕ್ಕೆ ಶಿವನಂಜಮ್ಮ ಒಂದು ಚೀಲ ಮೂಸಂಬಿ ಹಿಡಿದುಕೊಂಡು, ಬೀಗಿತಿಯನ್ನು ನೋಡಿಕೊಂಡು ಹೋಗುತ್ತೇನೆಂದು ಅಗರಕ್ಕೆ ಬಂದಳು. ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ಕೂತು ಬೇರೆ ಬೇರೆ ಮಾತಾಡಿದಳು. ಹೊರಡುವ ಹೊತ್ತಿಗೆ, ಮೊದಮೊದಲು ನಿಮಗೆ ಹೇಗಿತ್ತು ಎಂದು ಕೇಳಿದಳು.

ಸುವರ್ಣಮ್ಮ ಅಷ್ಟು ಹೇಳಿ ಬಾಗಿಲ ಕಡೆ ಕಣ್ಣು ತೋರಿಸಿದಳು. ಹೊರಗೆ ಬೆಂಚಿನ ತುದಿಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು.

ಶಾಂತಮೂರ್ತಿ ಚಿಕ್ಕನಿಂಗಮ್ಮನನ್ನು ಕರೆದುಕೊಂಡು ಹೊರಗೆ ಹೋದ. ತನ್ನ ಹೆಸರು ಹೇಳಿದ. ತಾನು ಏನೇನು ಮಾಡುತ್ತೇನೆ, ಏನೇನು ಮಾಡುವುದಿಲ್ಲ, ಪರೀಕ್ಷೆ ಮಾಡುವವರು ಡಾಕ್ಟರಮ್ಮ, ಜೊತೆಗಿರುವವರು ರತ್ನ ಸಿಸ್ಟರ್ ಎಂದು ಬಿಡಿಸಿ ಹೇಳಿದ. ಶಿವನಂಜಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಅವಳಿಗೆ ಪೂರ್ತಿ ನಂಬಿಕೆ ಬಂದಂತೆ ಕಾಣಲಿಲ್ಲ.

"ಇವತ್ತು ಬೀಪಿ ಒಂದ ನೋಡು ಸಾಕು," ಅಂದಳು. "ಮಿಕ್ಕಿದ್ದ ಆಮ್ಯಾಲ ಯೋಚ್ನ ಮಾಡ್ತೀನಿ."

ಆಗಲಿ ಅಂದ ಶಾಂತಮೂರ್ತಿ. ಅವಳು ತೋಳು ಚಾಚುವ ತನಕ ಕಾದು, ಪಟ್ಟಿ ಸುತ್ತಿದ.